ಮಾತ್ರೆಗೆ ಬಗ್ಗದ ಸ್ಕಿಜೋಫ್ರೇನಿಯಾ: ಓಪಿಡಿ ಬೆಂಚಿನ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರಲ್ಲ. ಮಂಡ್ಯ ಜಿಲ್ಲೆಯ ನಾಲೆ ಬಯಲಿನವನು. ಎರಡು ಎಕರೆ ಕಬ್ಬು, ಒಂದು ಹಸು. ನನ್ನ ತಮ್ಮನಿಗೆ 23ನೇ ವಯಸ್ಸಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಅನುಮಾನ ಹುಟ್ಟಿಸುವ ಮನಸ್ಸಿನ ಕಾಯಿಲೆ ಕಾಣಿಸಿಕೊಂಡಿತು. ಅವನಿಗೆ ಹಿಡಿಸುವ ಮಾತ್ರೆ ಸಿಕ್ಕಿದ್ದು 32ಕ್ಕೆ. ನಡುವಿನ ಒಂಬತ್ತು ವರ್ಷ ಮಂಡ್ಯ, ಮೈಸೂರು ಅಂತ ಓಡಾಡಿ ಬೆಂಚಿನ ಮೇಲೆ ಕೂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಚೀಟಿ ಮಾಡಿಸಿ ಸರದಿ ಕಾಯುವಾಗ ಪಕ್ಕದಲ್ಲಿ ಕೂತವರು ಈಗ ನನ್ನನ್ನೇ ಕೇಳುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಇದನ್ನು ಓದಿ ನೀವೇ ಮಾತ್ರೆ ಏರಿಸುವುದು, ಇಳಿಸುವುದು, ನಿಲ್ಲಿಸುವುದು ಬೇಡ. ಓದಿ, ನಿಮ್ಮ ವೈದ್ಯರನ್ನು ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

ಇಷ್ಟೊಂದು ಮಾತ್ರೆಗಳಿವೆಯಲ್ಲ, ಇವುಗಳಲ್ಲಿ ಯಾವುದು ಒಳ್ಳೆಯದು?

ಮೊದಲ ಮಾತ್ರೆ ಕ್ಲೋರ್‌ಪ್ರೊಮಜಿನ್. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಡಲು ಶುರು ಮಾಡಿದರು. ಅದಾದ ಮೇಲೆ ಹತ್ತಾರು ಬಂದಿವೆ. ಬಹುಪಾಲು ಎಲ್ಲವೂ ಮಾಡುವ ಕೆಲಸ ಒಂದೇ: ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಅಬ್ಬರವನ್ನು ತಗ್ಗಿಸುವುದು. ಹಾಗಾಗಿ ಧ್ವನಿ ಕೇಳಿಸುವುದು, ಅನುಮಾನ, ಯಾರೋ ಹಿಂಬಾಲಿಸುತ್ತಾರೆ ಎಂಬ ಭಯ, ಇವುಗಳನ್ನು ಇಳಿಸುವುದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂಥ ದೊಡ್ಡ ವ್ಯತ್ಯಾಸವಿಲ್ಲ. 2019ರಲ್ಲಿ 32 ಔಷಧಗಳನ್ನು ಒಟ್ಟಿಗೆ ಹೋಲಿಸಿದ ವಿಮರ್ಶೆಯೊಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗುಣದಲ್ಲಿನ ಅಂತರ ಕಡಿಮೆ, ಅಡ್ಡ ಪರಿಣಾಮದಲ್ಲಿನ ಅಂತರ ಬಹಳ ಅನ್ನುವುದೇ ಅದರ ತಿರುಳು. ಈ ಮಾತಿಗೆ ದೊಡ್ಡ ಅಪವಾದ ಕ್ಲೋಜಪಿನ್. ಅದರ ವಿಷಯ ಮುಂದೆ ಬರುತ್ತದೆ.

ಅಂದಮೇಲೆ "ಯಾವುದು ಒಳ್ಳೆಯದು" ಅನ್ನುವುದಕ್ಕಿಂತ "ಯಾವುದರ ಕಾಟವನ್ನು ಇವನು ತಡೆದುಕೊಳ್ಳಬಲ್ಲ" ಅಂತ ಕೇಳುವುದು ವಾಸಿ. 2005ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸುಮಾರು 1,500 ಜನರಿದ್ದರು. 18 ತಿಂಗಳಾಗುವಷ್ಟರಲ್ಲಿ ನೂರಕ್ಕೆ 74 ಜನ ಮೊದಲು ಕೊಟ್ಟ ಮಾತ್ರೆಯನ್ನು ಬಿಟ್ಟಿದ್ದರು. ಕೆಲವರು ಗುಣ ಕಾಣಲಿಲ್ಲ ಅಂತ, ಕೆಲವರು ತಡೆಯಲಾಗಲಿಲ್ಲ ಅಂತ, ಕೆಲವರು ಸುಮ್ಮನೆ ಬೇಡ ಅಂತ. ನಮ್ಮ ಮನೆಯ ಹುಡುಗ ಮಾತ್ರೆ ಬಿಟ್ಟರೆ ಅದು ನಮ್ಮ ಮನೆಯ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ.

ಹಾಗಾದರೆ ಒಂದೊಂದರ ಕಾಟ ಏನೇನು?

ತೂಕ ಏರಿಸುವುದರಲ್ಲಿ ಮುಂದಿರುವುದು ಒಲಾಂಜಪಿನ್ ಮತ್ತು ಕ್ಲೋಜಪಿನ್. ಒಲಾಂಜಪಿನ್ ನಿದ್ದೆ ಕೊಡುತ್ತದೆ, ಗಲಾಟೆ ಬೇಗ ತಗ್ಗಿಸುತ್ತದೆ, ಮನೆಯವರಿಗೆ ಮೊದಲ ತಿಂಗಳು ದೇವರು ಬಂದಂತೆ ಅನ್ನಿಸುತ್ತದೆ. ಆದರೆ ಹಸಿವು ತಡೆಯಲಾಗುವುದಿಲ್ಲ. ನಮ್ಮವನು ರಾತ್ರಿ ಎರಡು ಮುದ್ದೆ ಉಂಡು, ಹನ್ನೊಂದು ಗಂಟೆಗೆ ಎದ್ದು ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದ. ಆರು ತಿಂಗಳಲ್ಲಿ 14 ಕೆಜಿ ಏರಿದ. ಆಲೆಮನೆ ಊರಿನಲ್ಲಿ ಬೆಲ್ಲ ಬಚ್ಚಿಡುವುದಾದರೂ ಎಲ್ಲಿ? ಇದನ್ನು ಶುರು ಮಾಡುವ ಮೊದಲೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬು ಅಳೆಸಿ ಬರೆದಿಡಿ. ಏರಿದ ಮೇಲೆ ಇಳಿಸುವುದಕ್ಕಿಂತ ಏರದಂತೆ ನೋಡುವುದು ಸುಲಭ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಈ ತೂಕ ತಡೆಯಲು ವೈದ್ಯರು ಕೊಡುವುದುಂಟು. ನೀವಾಗಿಯೇ ಕೇಳಿ, ಅವರೇ ಹೇಳಲಿ ಅಂತ ಕಾಯಬೇಡಿ.

ರಿಸ್ಪೆರಿಡೋನ್, ಪಾಲಿಪೆರಿಡೋನ್, ಅಮಿಸಲ್‌ಪ್ರೈಡ್ ಈ ಮೂರೂ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತವೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲಬಹುದು, ಹೆರದೆಯೇ ಎದೆಯಲ್ಲಿ ಹಾಲು ಬರಬಹುದು. ಗಂಡಸರಿಗೆ ಲೈಂಗಿಕ ಆಸಕ್ತಿ ಕುಗ್ಗಬಹುದು. ಒಮ್ಮೆ ಬೆಂಚಿನ ಮೇಲೆ ಒಬ್ಬ ತಾಯಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು. ಮದುವೆಯಾಗದ ಮಗಳಿಗೆ ಮೂರು ತಿಂಗಳಿಂದ ಮುಟ್ಟಾಗಿಲ್ಲ, ಮನೆಯಲ್ಲಿ ಎಲ್ಲರೂ ಆ ಹುಡುಗಿಯನ್ನು ಬೈದು ಬೈದು ಇಟ್ಟಿದ್ದಾರೆ. ಕಾರಣ ಆ ಬಿಳಿ ಮಾತ್ರೆ. ಹೇಳಿದ್ದರೆ ಒಂದು ನಿಮಿಷದ ಮಾತು. ಇನ್ನೊಂದನ್ನೂ ನೆನಪಿಡಿ: ಇದನ್ನು ಬಿಡಿಸಿ ಬೇರೆ ಮಾತ್ರೆ ಕೊಟ್ಟಾಗ ಮುಟ್ಟು ಮರಳುತ್ತದೆ, ಗರ್ಭ ನಿಲ್ಲುವ ಸಾಧ್ಯತೆಯೂ ಮರಳುತ್ತದೆ.

ಅರಿಪಿಪ್ರಜೋಲ್ ತೂಕದ ಮಟ್ಟಿಗೆ, ಪ್ರೊಲ್ಯಾಕ್ಟಿನ್ ಮಟ್ಟಿಗೆ ಸಾಧು. ಆದರೆ ಕೆಲವರಿಗೆ ಮೈಯಲ್ಲಿ ಚಡಪಡಿಕೆ ತರುತ್ತದೆ. ಲುರಾಸಿಡೋನ್, ಜಿಪ್ರಾಸಿಡೋನ್ ಕೂಡ ತೂಕಕ್ಕೆ ಸಾಧುವೇ, ಆದರೆ ಹೊಟ್ಟೆ ತುಂಬ ಊಟದ ಜೊತೆ ನುಂಗದಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ವೆಟಿಯಾಪಿನ್ ತೂಕಡಿಕೆ ತರುತ್ತದೆ, ಎದ್ದು ನಿಂತಾಗ ತಲೆ ಸುತ್ತಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದು ಹಳೇ ಮಾತ್ರೆ. ಹಳೆಯದು ಅಂದರೆ ಕೆಟ್ಟದ್ದೇ?

ಅಲ್ಲ. ಹ್ಯಾಲೋಪೆರಿಡಾಲ್ 1958ರಿಂದ ಇದೆ, ಧ್ವನಿ ಇಳಿಸುವುದರಲ್ಲಿ ಗಟ್ಟಿಗ. ಕೈ ನಡುಕ, ಮೈ ಬಿಗಿತ, ಕತ್ತು ಒಂದು ಕಡೆ ತಿರುಚಿಕೊಳ್ಳುವುದು, ವರ್ಷಗಳ ನಂತರ ಬಾಯಿ ನಾಲಗೆ ತಾನಾಗಿ ಆಡುವುದು ಅದರ ಕಾಟ. ನಡುಕಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್ ಸೇರಿಸುತ್ತಾರೆ. ಅದನ್ನು ವರ್ಷಾನುಗಟ್ಟಲೆ ನುಂಗಿದರೆ ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ನೆನಪು ಮಂಕಾಗುತ್ತದೆ. ಇದು ಇನ್ನೂ ಬೇಕೇ ಅಂತ ಆರು ತಿಂಗಳಿಗೊಮ್ಮೆ ಕೇಳಿ.

ಮಾತ್ರೆ ಶುರುವಾದ ಮೇಲೆ ಒಂದು ಕಡೆ ಕೂರಲ್ಲ, ನಿಲ್ಲಲ್ಲ, ಅಂಗಳದಲ್ಲೇ ಸುತ್ತುತ್ತಾನೆ. ಕಾಯಿಲೆ ಹೆಚ್ಚಾಯಿತೇ?

ಇರಬಹುದು, ಆದರೆ ಮಾತ್ರೆಯದೇ ಚಡಪಡಿಕೆ ಇರುವ ಸಾಧ್ಯತೆಯನ್ನು ಮೊದಲು ನೋಡಿಸಿ. "ತಲೆಯೊಳಗೆ ಗಲಾಟೆಯೋ, ಕಾಲಲ್ಲಿ ಗಲಾಟೆಯೋ?" ಅಂತ ಕೇಳಿ. ಕಾಲಲ್ಲಿ ಅಂದರೆ ಅದು ಮಾತ್ರೆಯದೇ ಇರಬಹುದು. ಇದನ್ನು ಕಾಯಿಲೆ ಅಂತ ತಪ್ಪು ತಿಳಿದು ಡೋಸ್ ಏರಿಸಿದರೆ ಚಡಪಡಿಕೆಯೂ ಏರುತ್ತದೆ. ನಮ್ಮವನಿಗೆ ಹೀಗೆ ಎರಡು ಸಲ ಏರಿಸಿದ್ದರು. ಒಂದು ರಾತ್ರಿ ಅವನು ನಾಲೆ ಏರಿಯ ಮೇಲೆ ಬೆಳಗಾಗುವ ತನಕ ನಡೆದಿದ್ದ. ಡೋಸ್ ಇಳಿಸಿ, ಪ್ರೊಪ್ರನೊಲಾಲ್ ಎಂಬ ಚಿಕ್ಕ ಮಾತ್ರೆ ಕೊಟ್ಟ ಮೇಲೆ ವಾರದಲ್ಲಿ ಕೂತು ಊಟ ಮಾಡಿದ. ಈ ಚಡಪಡಿಕೆ ತಡೆಯಲಾರದೆ ಸಾಯುವ ಯೋಚನೆ ಮಾಡುವವರೂ ಇದ್ದಾರೆ, ಆದ್ದರಿಂದ ಮುಂದಿನ ತಾರೀಖಿನ ತನಕ ಕಾಯಬೇಡಿ.

ಡಾಕ್ಟರು "ಮಾತ್ರೆಗೆ ರೆಸ್ಪಾಂಡ್ ಆಗ್ತಿಲ್ಲ" ಅಂದರು. ಹಾಗಂದರೆ ಏನು ಲೆಕ್ಕ?

ಅದಕ್ಕೊಂದು ಲೆಕ್ಕವಿದೆ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಒಮ್ಮತಕ್ಕೆ ಬಂದ ಪ್ರಕಾರ: ಕನಿಷ್ಠ ಎರಡು ಬೇರೆ ಬೇರೆ ಔಷಧ, ಒಂದೊಂದನ್ನೂ ಸಾಕಷ್ಟು ಡೋಸಿನಲ್ಲಿ ಕನಿಷ್ಠ ಆರು ವಾರ, ಕೊಟ್ಟ ಮಾತ್ರೆಯಲ್ಲಿ ನೂರಕ್ಕೆ 80 ಭಾಗವಾದರೂ ಹೊಟ್ಟೆಗೆ ಹೋಗಿರಬೇಕು. ಇಷ್ಟಾದ ಮೇಲೂ ಧ್ವನಿ, ಭ್ರಮೆ ಗಟ್ಟಿಯಾಗಿ ಉಳಿದು ದಿನದ ಬದುಕಿಗೆ ಅಡ್ಡಿಯಾದರೆ ಅದು ಮಾತ್ರೆಗೆ ಬಗ್ಗದ ಸ್ಕಿಜೋಫ್ರೇನಿಯಾ. ಈ ಕಾಯಿಲೆಯವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಈ ಗುಂಪಿಗೆ ಸೇರುತ್ತಾರೆ.

ಆರು ವಾರ, ಎರಡು ಔಷಧ. ಕೂಡಿದರೆ ಮೂರು ತಿಂಗಳ ಮಾತು. ಡೋಸ್ ಏರಿಸುವುದು, ಬದಲಿಸುವುದು ಎಲ್ಲ ಸೇರಿ ಆರು ತಿಂಗಳು ಅನ್ನಿ. ನಮಗೆ ಒಂಬತ್ತು ವರ್ಷ ಹಿಡಿಯಿತು. ತಪ್ಪು ಅರ್ಧ ನಮ್ಮದು, ಅರ್ಧ ಎಲ್ಲರದೂ. ಎಲ್ಲಿಗೆ ಹೋದರೂ ಹೊಸ ಚೀಟಿ, ಹಳೆಯದರ ಲೆಕ್ಕವಿಲ್ಲ. ಒಂದು ಕಡೆ ಕೆಲಸ ಮಾಡದ ಮಾತ್ರೆಯನ್ನೇ ಇನ್ನೊಂದು ಕಡೆ ಬೇರೆ ಹೆಸರಿನ ಸ್ಟ್ರಿಪ್ಪಿನಲ್ಲಿ ಕೊಟ್ಟರು, ನಾವು ಹೊಸದು ಅಂದುಕೊಂಡು ನುಂಗಿಸಿದೆವು. ನೂರು ಪುಟದ ನೋಟ್‌ಬುಕ್ ತನ್ನಿ. ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿ ಬರೆದ ಕಂಪನಿ ಹೆಸರಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು, ಮಿಲಿಗ್ರಾಂ, ಶುರುವಾದ ತಾರೀಖು, ನಿಂತ ತಾರೀಖು, ಯಾಕೆ ನಿಂತಿತು, ಇಷ್ಟು ಬರೆಯಿರಿ. ಆ ಒಂದು ಪುಟ ಹಿಡಿದು ಹೋದ ದಿನವೇ ನಮ್ಮ ದಾರಿ ಬದಲಾಯಿತು.

ಥೈರಾಯ್ಡ್, ಮೂರ್ಛೆ ಕಾಯಿಲೆ, ಹೆಂಡ, ಗಾಂಜಾ ಇವೂ ಮಾತ್ರೆಯನ್ನು ಸೋಲಿಸುತ್ತವೆ. ಅವನ್ನೂ ನೋಡಿಸಿಕೊಳ್ಳಬೇಕು.

ಅವನು ಮಾತ್ರೆ ನುಂಗುತ್ತಿದ್ದಾನೋ ಇಲ್ಲವೋ ತಿಳಿಯುವುದು ಹೇಗೆ?

ನಮ್ಮ ಕತೆ ಹೇಳುತ್ತೇನೆ. ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಲು ಏಣಿ ಹಾಕಿ ಹತ್ತಿದ್ದೆ. ತಮ್ಮ ಮಲಗುವ ಕೋಣೆಯ ಮೇಲೆ, ತೊಲೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಳೇ ಸುಣ್ಣದ ಡಬ್ಬಿ. ಅಲ್ಲಾಡಿಸಿದರೆ ಗಲಗಲ ಅಂತು. ಒಳಗೆ ಮಾತ್ರೆಗಳು. ಮಳೆ ನೀರಿಗೆ ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗಿದ್ದವು. ಬಿಡಿಸಿ ಎಣಿಸಿದೆ, 83 ಇದ್ದವು. ಎರಡು ವರ್ಷ ಅವ್ವ ದಿನಾ ರಾತ್ರಿ ಕೈಗೆ ಕೊಟ್ಟು, ನೀರು ಕೊಟ್ಟು, ನುಂಗುವುದನ್ನು ನೋಡಿದ್ದಳು. ಅವನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಹೊತ್ತಿಗೆ ಚೀಟಿಯಲ್ಲಿ ಮೂರು ಔಷಧಗಳ ಮುಂದೆ "ಪ್ರಯೋಜನವಿಲ್ಲ" ಅಂತ ಬರೆದಾಗಿತ್ತು.

ಡಬ್ಬಿ ಹಿಡಿದು ಇಳಿದಾಗ ಸಿಟ್ಟು ನೆತ್ತಿಗೇರಿತ್ತು. "ಯಾಕೋ?" ಅಂದೆ. "ನೀನು ಒಂದು ವಾರ ನುಂಗಿ ನೋಡಣ್ಣ" ಅಂದ. ಅಷ್ಟೇ ಅಂದದ್ದು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಬಾಯಿ ತೆರೆಸಿ ನೋಡುವ ಪೊಲೀಸ್ ಕೆಲಸಕ್ಕಿಂತ, ಯಾವ ಕಾಟಕ್ಕೆ ಉಗುಳುತ್ತಾನೆ ಅಂತ ಕೇಳಿ ಅದನ್ನು ಡಾಕ್ಟರಿಗೆ ಹೇಳುವುದು ಹೆಚ್ಚು ಫಲ ಕೊಟ್ಟಿತು. ಬಾಯಲ್ಲೇ ಕರಗುವ ಮಾತ್ರೆಗಳಿವೆ. ದಿನಕ್ಕೆ ಮೂರು ಹೊತ್ತಿನದನ್ನು ಒಂದೇ ಹೊತ್ತಿಗೆ ಇಳಿಸಬಹುದೇ ಅಂತಲೂ ಕೇಳಬಹುದು.

ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಕೊಡಬಹುದೇ?

ಈ ಪ್ರಶ್ನೆಯನ್ನು ಎಲ್ಲರೂ ದನಿ ತಗ್ಗಿಸಿ ಕೇಳುತ್ತಾರೆ. ನಾವೂ ಉಪ್ಸಾರಿಗೆ ಬೆರೆಸಿದವರೇ. ಅವನಿಗೆ ಗೊತ್ತಾಯಿತು. ಅಷ್ಟು ದಿನ "ಊಟದಲ್ಲಿ ವಿಷ ಹಾಕ್ತಾರೆ" ಅನ್ನುವುದು ಅವನ ಭ್ರಮೆಯಾಗಿತ್ತು, ನಾವದನ್ನು ನಿಜ ಮಾಡಿ ತೋರಿಸಿದೆವು. ಎಂಟು ದಿನ ಮನೆ ಊಟ ಮುಟ್ಟಲಿಲ್ಲ. ಕ್ಲೋಜಪಿನ್ ಆದರಂತೂ ಬೆರೆಸಿ ಕೊಡಲೇಬಾರದು, ಅದಕ್ಕೆ ರಕ್ತ ಪರೀಕ್ಷೆ ಬೇಕು, ಜ್ವರ ಬಂದರೆ ಅವನೇ ಬಾಯಿಬಿಟ್ಟು ಹೇಳಬೇಕು.

ತಿಂಗಳ ಇಂಜೆಕ್ಷನ್ ಹಾಕಿಸಿದರೆ ಆಗುವುದಿಲ್ಲವೇ?

ಮಾತ್ರೆ ತಪ್ಪಿಸುವವರಿಗೆ ಅದು ಒಳ್ಳೆಯ ದಾರಿ. ಫ್ಲೂಫೆನಜಿನ್ ಹಳೆಯದು, ಅಗ್ಗ, ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಪಾಲಿಪೆರಿಡೋನ್ ತಿಂಗಳಿಗೊಮ್ಮೆ, ಒಗ್ಗಿದ ಮೇಲೆ ಮೂರು ತಿಂಗಳಿಗೊಮ್ಮೆಯದೂ ಇದೆ, ಆದರೆ ಬೆಲೆ ಕೇಳಿದರೆ ಒಂದು ಟನ್ ಕಬ್ಬಿನ ಹಣ ನೆನಪಾಗುತ್ತದೆ. ಇಂಜೆಕ್ಷನ್ನಿನ ಇನ್ನೊಂದು ಉಪಯೋಗ ಲೆಕ್ಕಕ್ಕೆ ಸಂಬಂಧಿಸಿದ್ದು. ಔಷಧ ಮೈಗೆ ಹೋಗಿದೆ ಅನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ನಮ್ಮವನಿಗೆ ಡಬ್ಬಿ ಸಿಕ್ಕ ಮೇಲೆ ಆರು ತಿಂಗಳು ಇಂಜೆಕ್ಷನ್ ಹಾಕಿಸಿದೆವು. ಸಿಡುಕು ಇಳಿಯಿತು, ಧ್ವನಿ ಇಳಿಯಲಿಲ್ಲ. ಆಗ ಡಾಕ್ಟರು, "ಈಗ ಖಾತ್ರಿಯಾಯಿತು, ಕ್ಲೋಜಪಿನ್ ಶುರು ಮಾಡೋಣ" ಅಂದರು.

ಕ್ಲೋಜಪಿನ್ ಕೊನೇ ಮದ್ದಂತೆ, ಪ್ರಾಣಕ್ಕೆ ಅಪಾಯವಂತೆ, ನಿಜವೇ?

ಈ ಹೆಸರು ಬಂದದ್ದಕ್ಕೆ ಒಂದು ಚರಿತ್ರೆ ಇದೆ. ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಈ ಔಷಧ 1970ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಮಾರುಕಟ್ಟೆಗೆ ಬಂತು. 1975ರಲ್ಲಿ ಫಿನ್‌ಲ್ಯಾಂಡಿನಲ್ಲಿ ಕೆಲವು ರೋಗಿಗಳ ಬಿಳಿ ರಕ್ತಕಣ ಕುಸಿದು ಸೋಂಕು ತಗುಲಿತು, ಎಂಟು ಜನ ಸತ್ತರು. ಹಲವು ದೇಶಗಳಲ್ಲಿ ಔಷಧ ಹಿಂದೆ ಸರಿಯಿತು. ಆದರೆ ಅದನ್ನು ನುಂಗಿ ಸುಧಾರಿಸಿದವರನ್ನು ಕಂಡಿದ್ದ ವೈದ್ಯರು ಬಿಡಲಿಲ್ಲ. 1988ರಲ್ಲಿ ಅಮೆರಿಕದಲ್ಲಿ, ಆಗಲೇ ಮೂರು ಔಷಧ ಸೋತಿದ್ದವರನ್ನೇ ಆರಿಸಿ ಪರೀಕ್ಷೆ ನಡೆಸಿದರು. ಆರು ವಾರದಲ್ಲಿ ಕ್ಲೋರ್‌ಪ್ರೊಮಜಿನ್ ಪಡೆದವರಲ್ಲಿ ನೂರಕ್ಕೆ 4 ಜನ ಸುಧಾರಿಸಿದರೆ ಕ್ಲೋಜಪಿನ್ ಪಡೆದವರಲ್ಲಿ 30. ಮರುವರ್ಷವೇ ಅಲ್ಲಿ ಅನುಮತಿ ಸಿಕ್ಕಿತು, ರಕ್ತ ಪರೀಕ್ಷೆಯ ಕಟ್ಟಳೆಯೊಂದಿಗೆ.

ಬಿಳಿ ಕಣ ಅಪಾಯದ ಮಟ್ಟಕ್ಕೆ ಕುಸಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಪರೀಕ್ಷೆ ಮಾಡಿಸುತ್ತಿದ್ದರೆ ಅದರಿಂದ ಸಾಯುವುದು ಬಹಳ ಅಪರೂಪ. ಆತ್ಮಹತ್ಯೆಯ ಅಪಾಯ ತಗ್ಗಿಸಲು ಅಂತಲೇ ಅಮೆರಿಕದಲ್ಲಿ ಇದಕ್ಕೆ ಪ್ರತ್ಯೇಕ ಅನುಮತಿ ಇದೆ. ಫಿನ್‌ಲ್ಯಾಂಡಿನಲ್ಲೇ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬೇರೆ ಮಾತ್ರೆಯವರಿಗಿಂತ ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲೇ ಸಾವು ಕಡಿಮೆ ಅಂತ ಕಂಡುಬಂತು. ಎಂಟು ಜನರನ್ನು ಕಳೆದುಕೊಂಡ ದೇಶದ್ದೇ ಲೆಕ್ಕ ಇದು.

"ಕೊನೇ ಮದ್ದು" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಇದು ಮೂರನೇ ಮದ್ದು. ಎರಡು ಸರಿಯಾಗಿ ಸೋತ ಮೇಲೆ ಬರಬೇಕಾದದ್ದು. ಕೊನೆಯದು ಅಂತ ಕರೆದೇ ನಾವು ಅದನ್ನು ಒಂಬತ್ತನೇ ವರ್ಷಕ್ಕೆ ದೂಡುತ್ತೇವೆ. ತಡವಾದಷ್ಟೂ ಅದು ಹಿಡಿಯುವ ಸಾಧ್ಯತೆ ಕಡಿಮೆಯಾಗುತ್ತದೆ ಅಂತ ವೈದ್ಯರು ಹೇಳುತ್ತಾರೆ. ನಿಮ್ಮ ವೈದ್ಯರು ಮೂರನೆಯದಾಗಿ, ನಾಲ್ಕನೆಯದಾಗಿ ಮತ್ತೆ ಸಾಮಾನ್ಯ ಮಾತ್ರೆಯನ್ನೇ ಬರೆದರೆ, ಅಥವಾ ಎರಡೆರಡು ಮಾತ್ರೆ ಕೂಡಿಸಿದರೆ, "ಸಾರ್, ಕ್ಲೋಜಪಿನ್ ಯಾಕೆ ಬೇಡ?" ಅಂತ ಕೈಮುಗಿದಾದರೂ ಕೇಳಿ. ಒಳ್ಳೆಯ ಕಾರಣ ಇದ್ದರೆ ಹೇಳುತ್ತಾರೆ.

ವಾರ ವಾರ ರಕ್ತ ತೆಗೆಸಬೇಕೇ? ರಿಪೋರ್ಟಿನಲ್ಲಿ ಏನು ನೋಡಬೇಕು?

ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ಹದಿನೈದು ದಿನಕ್ಕೋ ತಿಂಗಳಿಗೋ. ಅಪಾಯ ಹೆಚ್ಚಿರುವುದು ಆ ಮೊದಲ ತಿಂಗಳುಗಳಲ್ಲೇ. ಇದಕ್ಕಾಗಿ ಮೈಸೂರಿಗೆ ಬರಬೇಕಿಲ್ಲ. ರಕ್ತಕಣ ಎಣಿಸುವ ಸಾಮಾನ್ಯ ಸಿಬಿಸಿ ಪರೀಕ್ಷೆ, ತಾಲ್ಲೂಕು ಆಸ್ಪತ್ರೆಯಲ್ಲಿ ಆಗುತ್ತದೆ. ನಾನು ಸೋಮವಾರ ರಕ್ತ ಕೊಡಿಸಿ ರಿಪೋರ್ಟಿನ ಫೋಟೊ ಕಳಿಸುತ್ತಿದ್ದೆ.

ನೋಡಬೇಕಾದದ್ದು ನ್ಯೂಟ್ರೋಫಿಲ್, ಸೋಂಕಿನ ಜೊತೆ ಹೋರಾಡುವ ಒಂದು ಬಗೆಯ ಬಿಳಿ ಕಣ. ಲೆಕ್ಕ ಹೀಗೆ. ಒಟ್ಟು ಬಿಳಿ ಕಣ 6,200, ನ್ಯೂಟ್ರೋಫಿಲ್ 58 ಪರ್ಸೆಂಟ್ ಅಂತಿದ್ದರೆ, 6,200ರಲ್ಲಿ ನೂರಕ್ಕೆ 58 ಅಂದರೆ 3,596. ಈ ಸಂಖ್ಯೆ 1,500ಕ್ಕಿಂತ ಕೆಳಗಿದ್ದರೆ ಅಂದೇ ಫೋನ್ ಮಾಡಬೇಕು. 2,000ದ ಹತ್ತಿರ ಬಂದಾಗಲೇ ಹೇಳುವುದು ಒಳ್ಳೆಯದು. ಗಂಟಲು ನೋವು, ಜ್ವರ, ಬಾಯಲ್ಲಿ ಹುಣ್ಣು ಬಂದರೆ ವಾರದ ಸರದಿ ನೋಡದೆ ಅಂದೇ ರಕ್ತ ತೆಗೆಸಿ. 2025ರಲ್ಲಿ ಅಮೆರಿಕದಲ್ಲಿ ರಕ್ತದ ವರದಿ ಕೊಟ್ಟರೆ ಮಾತ್ರ ಮಾತ್ರೆ ಅನ್ನುವ ಕಡ್ಡಾಯ ವ್ಯವಸ್ಥೆಯನ್ನು ತೆಗೆದರು. ಪರೀಕ್ಷೆಯೇ ಬೇಡ ಅಂತ ಅದರ ಅರ್ಥವಲ್ಲ.

ಶುರುವಿನಲ್ಲಿ ಇನ್ನೇನು ಗಮನಿಸಬೇಕು?

ಸಾಮಾನ್ಯವಾಗಿ 12.5 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಬೇಗ ಏರಿಸಿ ಅಂತ ಒತ್ತಾಯ ಮಾಡಬೇಡಿ. ಮೊದಲ ತಿಂಗಳಲ್ಲಿ ಜ್ವರ, ಎದೆ ನೋವು, ಏದುಸಿರು, ಎದೆಬಡಿತ ಓಡುವುದು ಕಂಡರೆ ಹೃದಯದ ಸ್ನಾಯುವಿನ ಉರಿಯೂತ ಇರಬಹುದು, ತಕ್ಷಣ ಆಸ್ಪತ್ರೆ. ಡೋಸ್ ಹೆಚ್ಚಾದಾಗ ಫಿಟ್ಸ್ ಬರಬಹುದು, ಮೈ ಥಟ್ಟನೆ ಬೆಚ್ಚಿದಂತೆ ಅದುರುವುದು ಅದರ ಮುನ್ಸೂಚನೆ. ರಾತ್ರಿ ಜೊಲ್ಲು ಸುರಿಯುತ್ತದೆ, ದಿಂಬಿನ ಮೇಲೆ ಟವೆಲ್ ಹಾಸಿ, ಮಗ್ಗುಲಾಗಿ ಮಲಗಿಸಿ. ಅದಕ್ಕೂ ಔಷಧವಿದೆ.

ಜನ ಲೆಕ್ಕಕ್ಕೇ ಇಡದ, ಆದರೆ ನನಗೆ ರಕ್ತಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಸಂಗತಿ ಮಲಬದ್ಧತೆ. ಕ್ಲೋಜಪಿನ್ ಕರುಳನ್ನು ಮಲಗಿಸಿಬಿಡುತ್ತದೆ. ಕರುಳು ಕಟ್ಟಿಕೊಂಡು ಪ್ರಾಣ ಹೋಗುವುದುಂಟು. ದಿನಾ ಬೆಳಿಗ್ಗೆ "ಹೊರಗೆ ಹೋಗಿ ಬಂದ್ಯಾ?" ಅಂತ ಕೇಳುವುದು ನಮ್ಮ ಮನೆಯಲ್ಲಿ "ಕಾಫಿ ಆಯ್ತಾ?" ಅನ್ನುವಷ್ಟೇ ಮಾಮೂಲು. ಎರಡು ದಿನ ಇಲ್ಲ ಅಂದರೆ ಫೋನ್. ಹೊಟ್ಟೆ ಉಬ್ಬರಿಸಿ ವಾಂತಿಯಾದರೆ ಫೋನೂ ಇಲ್ಲ, ನೇರ ಗಾಡಿ. ಸೊಪ್ಪು, ಕಾಳು, ನೀರು ಒಳ್ಳೆಯದೇ, ಆದರೆ ಇಸಬ್‌ಗೋಲ್ ಒಂದನ್ನೇ ನಂಬಬೇಡಿ. ಕರುಳು ನಡೆಯದಿರುವಾಗ ಒಳಗೆ ತುಂಬಿಸಿದರೆ ಕಟ್ಟುವುದೇ ಹೆಚ್ಚು. ಮಲವನ್ನು ಮೆದು ಮಾಡುವ, ಕರುಳನ್ನು ಎಬ್ಬಿಸುವ ಔಷಧವನ್ನು ಮೊದಲ ದಿನದಿಂದಲೇ ಬರೆಸಿಕೊಳ್ಳಿ. ಹಳೇ ಟ್ರೈಹೆಕ್ಸಿಫೆನಿಡಿಲ್ ಇನ್ನೂ ಚೀಟಿಯಲ್ಲಿ ಉಳಿದಿದ್ದರೆ ತೋರಿಸಿ ಕೇಳಿ.

ಬೀಡಿ ಬಿಡಿಸಿದರೆ ಒಳ್ಳೆಯದಲ್ಲವೇ?

ಒಳ್ಳೆಯದೇ, ಡಾಕ್ಟರಿಗೆ ಹೇಳಿ ಬಿಡಿಸಿ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ವಸ್ತುಗಳು ಕ್ಲೋಜಪಿನ್ ಮತ್ತು ಒಲಾಂಜಪಿನ್ ಅನ್ನು ಪಿತ್ತಜನಕಾಂಗದಲ್ಲಿ ಬೇಗ ಕರಗಿಸುತ್ತವೆ. ಇದು ಹೊಗೆಯ ಕೆಲಸ, ನಿಕೋಟಿನ್‌ನದಲ್ಲ, ಆದ್ದರಿಂದ ಹೊಗೆಸೊಪ್ಪು ಜಗಿಯುವವರಿಗೆ ಈ ಲೆಕ್ಕ ಇಲ್ಲ. ಬೀಡಿ ಸೇದುತ್ತಿದ್ದಾಗ ಹೊಂದಿಸಿದ ಡೋಸ್, ಬೀಡಿ ನಿಂತ ವಾರದೊಳಗೆ ಜಾಸ್ತಿಯಾಗಿಬಿಡುತ್ತದೆ.

ಇದು ನಮಗೆ ತಿಳಿದದ್ದು ಅಯ್ಯಪ್ಪನಿಂದ. ಕ್ಲೋಜಪಿನ್ ಹಿಡಿದು ಎರಡನೇ ವರ್ಷ. ಓರಗೆಯ ಹುಡುಗರ ಜೊತೆ ತಾನೂ ಮಾಲೆ ಹಾಕುತ್ತೇನೆ ಅಂದ. ಹತ್ತು ವರ್ಷದಲ್ಲಿ ಅವನಾಗಿ ಒಂದು ಆಸೆ ಹೇಳಿದ್ದು ಅದೇ ಮೊದಲು, ಅವ್ವನಿಗೆ ಕುಣಿಯುವಷ್ಟು ಖುಷಿ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವನು ವ್ರತಕ್ಕೆ ಅಂತ ಒಂದೇ ದಿನಕ್ಕೆ ಬಿಟ್ಟ. ಎರಡನೇ ವಾರಕ್ಕೆ ಬೆಳಗಿನ ತಣ್ಣೀರು ಸ್ನಾನಕ್ಕೆ ಏಳಲಾರ, ಎದ್ದರೆ ತೂರಾಡುತ್ತಾನೆ, ಕಪ್ಪು ಅಂಗಿಯ ಎದೆಯೆಲ್ಲ ಜೊಲ್ಲು. ಹಿಡಿದಿದ್ದ ಲೋಟ ಕೈ ಬೆಚ್ಚಿ ಹಾರಿಹೋಯಿತು. ಗುರುಸ್ವಾಮಿ, "ವ್ರತದಲ್ಲಿ ಏನೋ ಲೋಪ ಆಗಿದೆ" ಅಂದರು. ಡಾಕ್ಟರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬೀಡಿ ಬಿಟ್ಟನೇನ್ರೀ?" ಡೋಸ್ ಕಾಲುಭಾಗ ಇಳಿಸಿದರು. ಇರುಮುಡಿ ಹೊತ್ತು ಮಲೆಗೆ ಹೋಗಿ ಬಂದ. ವಾಪಸ್ ಬಂದ ಮೇಲೆ ಬೀಡಿಯೂ ವಾಪಸ್ ಬಂತು, ಡೋಸೂ ವಾಪಸ್ ಏರಿತು. ಆಸ್ಪತ್ರೆಗೆ ಸೇರಿಸಿದಾಗ ಬೀಡಿ ಸಿಗದೆಯೂ ಹೀಗಾಗಬಹುದು. ಜೋರು ಜ್ವರ, ಸೋಂಕು, ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಕೂಡ ರಕ್ತದಲ್ಲಿ ಕ್ಲೋಜಪಿನ್ ಏರಿಸುತ್ತವೆ. ಊರಿನ ಕ್ಲಿನಿಕ್ಕಿನಲ್ಲಿ ಭೇದಿಗೆ ಮಾತ್ರೆ ಬರೆಯುವಾಗ ಇದನ್ನು ತೋರಿಸಿ.

ಜಾತ್ರೆಗೆ ಹೋಗಿದ್ದೆವು, ಎರಡು ದಿನ ಕ್ಲೋಜಪಿನ್ ತಪ್ಪಿತು. ಇವತ್ತು ಮಾಮೂಲು ಡೋಸ್ ಕೊಡಲೇ?

ಬೇಡ. 48 ಗಂಟೆಗಿಂತ ಹೆಚ್ಚು ತಪ್ಪಿದರೆ ಮತ್ತೆ 12.5ರಿಂದ ಮೆಟ್ಟಿಲು ಹತ್ತಬೇಕು. ಒಮ್ಮೆಲೇ ಪೂರ್ತಿ ಕೊಟ್ಟರೆ ರಕ್ತದೊತ್ತಡ ಕುಸಿದು ಬೀಳಬಹುದು. ಡಾಕ್ಟರಿಗೆ ಫೋನ್ ಮಾಡಿ. ನಂಟರ ಮನೆ, ಮದುವೆ, ಜಾತ್ರೆ, ಎಲ್ಲಿಗೆ ಹೋದರೂ ಮೂರು ದಿನದ ಮಾತ್ರೆ ಹೆಚ್ಚಿಗೆ ಚೀಲದಲ್ಲಿರಲಿ.

ಕ್ಲೋಜಪಿನ್‌ಗೂ ಬಗ್ಗದಿದ್ದರೆ?

ಮೊದಲು ಅದಕ್ಕೆ ಕಾಲ ಕೊಡಬೇಕು, ಸರಿಯಾದ ಡೋಸಿನಲ್ಲಿ ಮೂರು ತಿಂಗಳಾದರೂ. ರಕ್ತದಲ್ಲಿ ಕ್ಲೋಜಪಿನ್ ಮಟ್ಟ ಎಷ್ಟಿದೆ ಅಂತ ನೋಡುವ ಪರೀಕ್ಷೆ ಇದೆ. ಮಿಲಿಲೀಟರಿಗೆ 350 ನ್ಯಾನೊಗ್ರಾಂ ಮುಟ್ಟದೆ ಸೋತಿತು ಅನ್ನುವಂತಿಲ್ಲ. ಅದೂ ಆಗಿ ಧ್ವನಿ ಉಳಿದರೆ ಅಮಿಸಲ್‌ಪ್ರೈಡ್ ಅಥವಾ ಅರಿಪಿಪ್ರಜೋಲ್ ಜೊತೆಗೂಡಿಸುತ್ತಾರೆ. ಅದರಿಂದ ಪವಾಡವನ್ನು ಬಯಸಬೇಡಿ.

ಇನ್ನೊಂದು ದಾರಿ ಇಸಿಟಿ, ಜನರ ಬಾಯಲ್ಲಿ ಕರೆಂಟ್ ಶಾಕ್. ಹೆಸರು ಕೇಳಿಯೇ ಎದ್ದು ಹೋಗುವವರಿದ್ದಾರೆ. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿಯೇ ಮಾಡಬೇಕು. ಹಾಗಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಕ್ಲೋಜಪಿನ್ ಸಾಲದ 39 ಜನರ ಮೇಲೆ ಅಮೆರಿಕದಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಸಿಟಿ ಸೇರಿಸಿಕೊಂಡವರಲ್ಲಿ ಅರ್ಧದಷ್ಟು ಜನ ಸುಧಾರಿಸಿದರು. ಚಿಕ್ಕ ಅಧ್ಯಯನ, ಆದರೂ ತಳ್ಳಿಹಾಕುವಂಥದ್ದಲ್ಲ. ಕೆಲ ದಿನಗಳ ನೆನಪು ಮಸುಕಾಗುವುದುಂಟು.

ದೇವಸ್ಥಾನ, ನಾಟಿ ಮದ್ದು?

ನಂಜನಗೂಡಿಗೂ ಹೋಗಿ, ಮಾದಪ್ಪನ ಬೆಟ್ಟಕ್ಕೂ ಹೋಗಿ, ಮಾತ್ರೆ ಜೇಬಿನಲ್ಲಿರಲಿ. ಉಪವಾಸದ ದಿನವೂ ಮಾತ್ರೆ ನಿಲ್ಲಬಾರದು. ಕಟ್ಟಿಹಾಕುವ, ಹೊಡೆಯುವ, ಹೊಗೆ ಹಾಕುವ ಕಡೆಗೆ ಮಾತ್ರ ಬೇಡ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಕೊಡುವವನಿಗೂ ಗೊತ್ತಿರುವುದಿಲ್ಲ.

ಎಲ್ಲಿ ತೋರಿಸಬೇಕು? ಸರ್ಕಾರದಿಂದ ಏನು ಸಿಗುತ್ತದೆ?

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಇವು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ತುಂಬ ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್. ರಾತ್ರಿ ಅಪರಾತ್ರಿಯಲ್ಲಿ ಯಾರನ್ನಾದರೂ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತಾಡಿದರೆ ಅದಕ್ಕೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ನೂರಕ್ಕೆ 40ರಷ್ಟು ಅಥವಾ ಹೆಚ್ಚಿನ ಅಂಗವೈಕಲ್ಯ ಅಂತ ಪ್ರಮಾಣಪತ್ರ ಸಿಕ್ಕರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಬಹುದು, ಮಾಸಾಶನಕ್ಕೆ ಅರ್ಜಿ ಹಾಕಬಹುದು. ನಮ್ಮವನಿಗೆ ಒಂದು ಕಚೇರಿಯಲ್ಲಿ, "ಕೈಕಾಲು ಸರಿಯಾಗೇ ಇದೆಯಲ್ಲಪ್ಪ" ಅಂತ ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಕಾಯಿದೆಯ ಪುಟದ ಜೆರಾಕ್ಸ್ ಹಿಡಿದು ಹೋದೆ.

2017ರ ಮಾನಸಿಕ ಆರೋಗ್ಯ ಕಾಯಿದೆಯಡಿ, ಹುಷಾರಾಗಿರುವಾಗಲೇ ರೋಗಿ ತನಗೆ ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರ ಯಾರು ಮಾತಾಡಬೇಕು ಅಂತ ಬರೆದಿಡಬಹುದು. ನಮ್ಮವನು ಬರೆಸಿದ್ದಾನೆ. ನನ್ನ ಹೆಸರಲ್ಲ, ಅಕ್ಕನ ಹೆಸರು ಹಾಕಿಸಿದ. ಸುಣ್ಣದ ಡಬ್ಬಿಯ ದಿನದ ಸಿಟ್ಟು ಇನ್ನೂ ಇದೆಯೇನೋ.

ನಿಮ್ಮ ತಮ್ಮನಿಗೆ ಈಗ ಪೂರ್ತಿ ವಾಸಿಯೇ?

ಇಲ್ಲ. ಮೊದಲು ನಾಲ್ಕೈದು ಧ್ವನಿ, ಈಗ ಒಂದು. ಅದೂ ಸಂಜೆ ಮಾತ್ರ. "ಅದು ಬಯ್ಕೊಳ್ಳಲಿ, ನಾನು ಹಾಲು ಹಾಕ್ಬೇಕು" ಅಂತ ಕ್ಯಾನ್ ಹಿಡಿದು ಡೇರಿಗೆ ಹೊರಡುತ್ತಾನೆ. ಡೇರಿ ಪುಸ್ತಕದಲ್ಲಿ ಫ್ಯಾಟ್ ಎಷ್ಟು ಬಂತು ಅಂತ ಅವನೇ ಬರೆಯುತ್ತಾನೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಏಳುವುದಿಲ್ಲ, ಅದಕ್ಕೇ ಬೆಳಗಿನ ಹಾಲು ನನ್ನದು, ಸಂಜೆಯದು ಅವನದು. ನಂಟರ ಮನೆಯಲ್ಲಿ ಮಾತು ಕಡಿಮೆ. ಮದುವೆ ವಿಷಯ ಎತ್ತುವವರಿಗೆ ಅವ್ವ ಈಗೀಗ ಉತ್ತರ ಕೊಡುವುದನ್ನೇ ಬಿಟ್ಟಿದ್ದಾಳೆ.

ಕಾಫಿ ಕುಡಿಯಬಹುದೇ?

ಕುಡಿಯಬಹುದು. ಕಾಫಿಯೂ ಕ್ಲೋಜಪಿನ್ ಮಟ್ಟವನ್ನು ಏರಿಸುತ್ತದೆ, ಆದ್ದರಿಂದ ಒಂದು ದಿನ ಒಂದು ಲೋಟ, ಇನ್ನೊಂದು ದಿನ ಎಂಟು ಲೋಟ ಆಗಬಾರದು. ನಮ್ಮವನದು ದಿನಕ್ಕೆ ಎರಡು. ಮೈಸೂರಿಗೆ ತೋರಿಸಲು ಬಂದ ದಿನ ಮೂರು, ಮೂರನೆಯದು ಓಪಿಡಿ ಮುಗಿಸಿ ಹೊರಗೆ ಬಂದ ಮೇಲೆ, ಅವನದೇ ದುಡ್ಡಿನಲ್ಲಿ, ನನಗೂ ಒಂದು.